ಕೆರೆಯೂ ಟ್ಯಾಂಕು, ಫಿರಂಗಿ ಬಂಡಿಯೂ ಟ್ಯಾಂಕು

ಕರ್ನಾಟಕದ ಕೆರೆಗಳನ್ನು ಕಾಯುವುದಕ್ಕೆಂದು 2014ರಲ್ಲಿ ಒಂದು ಅಧಿನಿಯಮ ರೂಪುಗೊಂಡಿತು. ಇಂಗ್ಲಿಷಿನಲ್ಲಿ ಅದರ ಹೆಸರು ಬರೆದವರು ಕೆರೆಯನ್ನು ‘ಲೇಕ್’ ಎಂದರು. 2018ರ ತಿದ್ದುಪಡಿಯಲ್ಲಿ ‘ಲೇಕ್’ ಹೋಗಿ ಅದರ ಜಾಗಕ್ಕೆ ‘ಟ್ಯಾಂಕ್’ ಬಂತು. ಕನ್ನಡದ ಹೆಸರಿನಲ್ಲಿ ಮಾತ್ರ ಆಗಲೂ ಕೆರೆ, ಈಗಲೂ ಕೆರೆ. ನಗರದ ಪರಿಸರ ಚಳವಳಿಗಳಿಗೆ ‘ಲೇಕ್’ ಒಗ್ಗಿದ ಪದ, ನೀರಾವರಿ ಇಲಾಖೆಯ ಕಡತಗಳಿಗೆ ‘ಟ್ಯಾಂಕ್’ ಬ್ರಿಟಿಷರ ಕಾಲದಿಂದ ಬಂದ ರೂಢಿ. ಈ ಅಧಿನಿಯಮದಡಿ ರಚನೆಯಾದ ಕೆರೆ ಪ್ರಾಧಿಕಾರದ ಕೆಲಸ ಸಣ್ಣ ನೀರಾವರಿ ಇಲಾಖೆಯ ತೆಕ್ಕೆಗೆ ಹೋದಾಗ ಆ ಇಲಾಖೆಯ ಪದವೇ ಕಾಯ್ದೆಯ ಹೆಸರಿಗೂ ಏರಿತು.

ಆದರೆ ಇದೇ ಪದವನ್ನು ನಾವು ಮನೆಯ ತಾರಸಿಯ ಮೇಲಿನ ಸಿಂಟೆಕ್ಸ್‌ಗೆ ಹೇಳುತ್ತೇವೆ, ಬೈಕಿನಲ್ಲಿ ಪೆಟ್ರೋಲು ತುಂಬುವ ಡಬ್ಬಿಗೆ ಹೇಳುತ್ತೇವೆ, ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಸಾಗುವ ‘ಅರ್ಜುನ್’ಗೂ ಹೇಳುತ್ತೇವೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಶೇರುಪೇಟೆ ಕುಸಿದರೂ ಅದು ‘ಟ್ಯಾಂಕ್’ ಆಯಿತು ಎನ್ನುತ್ತಾರೆ. ತೋಳಿಲ್ಲದ ಬನಿಯನ್ನಿನಂಥ ಉಡುಪೂ ಟ್ಯಾಂಕ್. ಇಷ್ಟು ದೂರದೂರದ ಅರ್ಥಗಳು ಒಂದೇ ಪದಕ್ಕೆ ಹೇಗೆ ಅಂಟಿದವು, ಅದು ಮೊದಲು ಯಾರ ಪದವಾಗಿತ್ತು ಎಂಬುದನ್ನು ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. ಕೆರೆಗಳ ನಾಡಿನವರಾದ ನಮಗೆ ಈ ಚರ್ಚೆ ಬರೀ ನಿಘಂಟಿನ ವಿಷಯವಲ್ಲ.

ಮೊದಲು ಹುಟ್ಟಿನ ಮಾತು. ಇಂಗ್ಲಿಷಿನಲ್ಲಿ ಈ ಪದ ಕಾಣಿಸಿಕೊಳ್ಳುವುದು 17ನೇ ಶತಮಾನದ ಆರಂಭದಲ್ಲಿ, ಭಾರತಕ್ಕೆ ಬಂದ ಇಂಗ್ಲಿಷರ ಬರಹಗಳಲ್ಲಿ. ಅವರು ಬಂದಿಳಿದದ್ದು ಸೂರತ್ತಿನಲ್ಲಿ. ಅಲ್ಲಿನ ಗುಜರಾತಿಯಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ‘ಟಾಂಕು’ ಎನ್ನುತ್ತಾರೆ, ಮರಾಠಿಯಲ್ಲಿ ‘ಟಾಕೆ’. ಸಹ್ಯಾದ್ರಿಯ ಕೋಟೆಗಳನ್ನು ಹತ್ತಿದವರು ಬಂಡೆಯಲ್ಲಿ ಕೊರೆದ ಇಂಥ ಟಾಕೆಗಳನ್ನು ನೋಡಿರುತ್ತಾರೆ. ಮಳೆಗಾಲದಲ್ಲಿ ತುಂಬಿದರೆ ಬೇಸಿಗೆಯವರೆಗೂ ಕಾವಲಿನವರಿಗೆ ಅದೇ ಕುಡಿಯುವ ನೀರು. ಅಹಮದಾಬಾದಿನ ಹಳೆಯ ಮನೆಗಳ ಅಂಗಳದ ಕೆಳಗೂ ಟಾಂಕುಗಳಿವೆ, ಮಾಡಿನ ಮೇಲೆ ಬಿದ್ದ ಮಳೆ ನೇರವಾಗಿ ಅವಕ್ಕೆ ಇಳಿಯುತ್ತದೆ. ರಾಜಸ್ಥಾನದ ಮರುಭೂಮಿಯಲ್ಲಿ ‘ಟಾಂಕಾ’ ಇಂದಿಗೂ ಕುಟುಂಬದ ಜೀವದ ಆಸರೆ. ಹೀಗಾಗಿ ಇಂಗ್ಲಿಷ್ ನಿಘಂಟುಗಳು ಪದದ ಮೂಲವನ್ನು ಸಾಮಾನ್ಯವಾಗಿ ಗುಜರಾತಿ ಮತ್ತು ಮರಾಠಿಯಲ್ಲಿ ತೋರಿಸುತ್ತವೆ. ಅದರ ಹಿಂದೆ ಸಂಸ್ಕೃತದ ‘ತಡಾಗ’ ಇರಬಹುದು ಎಂದೂ ಕೆಲವರು ಸೇರಿಸುತ್ತಾರೆ.

ಇಲ್ಲಿಗೆ ಮುಗಿಯಿತು ಎನ್ನುವಾಗ ಪೋರ್ಚುಗೀಸರು ಎದುರಾಗುತ್ತಾರೆ. ಅವರ ಭಾಷೆಯಲ್ಲಿ ‘ತಾಂಕೆ’ ಎಂದರೆ ನೀರಿನ ಕೊಳ. ಅದಕ್ಕೂ ಸ್ಪ್ಯಾನಿಷಿನ ‘ಎಸ್ತಾಂಕೆ’ಗೂ ಒಂದೇ ಬೇರು: ಹರಿವ ನೀರನ್ನು ತಡೆದು ನಿಲ್ಲಿಸು ಎಂಬ ಅರ್ಥದ ಕ್ರಿಯಾಪದ. ಫ್ರೆಂಚರು ಕೊಳಕ್ಕೆ ಹೇಳುವ ‘ಎತಾಂ’ ಕೂಡ ಇದೇ ಬಳಗದ್ದು. ಗಾಯದಿಂದ ಸೋರುವ ರಕ್ತವನ್ನು ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಸ್ಟಾಂಚ್’ ಕೂಡ. ಯುರೋಪಿನಲ್ಲಿ ಇಷ್ಟು ಬಂಧುಗಳಿರುವ ಪದ ಭಾರತದಿಂದ ಹೋದದ್ದೆಂದು ಹೇಳುವುದು ಕಷ್ಟ. ಬದಲಿಗೆ ಪೋರ್ಚುಗೀಸರೇ ಅದನ್ನು ಗುಜರಾತಿಗೂ ಮರಾಠಿಗೂ ಕೊಟ್ಟಿರಬಹುದಲ್ಲವೇ ಎಂಬ ವಾದ ಹುಟ್ಟಿಕೊಂಡಿತು. ಬಟಾಟೆಯನ್ನು ಅವರೇ ಕೊಟ್ಟಿರುವಾಗ ಇದೂ ಯಾಕಾಗಬಾರದು?

ಈ ಜಗಳವನ್ನು ಚೆನ್ನಾಗಿ ಬಿಡಿಸಿಟ್ಟದ್ದು 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶ. ಅದರ ಇಬ್ಬರು ಕರ್ತೃಗಳಲ್ಲಿ ಹೆನ್ರಿ ಯೂಲ್ ಒಬ್ಬ, ಎ.ಸಿ. ಬರ್ನೆಲ್ ಇನ್ನೊಬ್ಬ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವನು. ಪುಸ್ತಕ ಹೊರಬರುವ ಹೊತ್ತಿಗೆ ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಕೋಶ ‘ಟ್ಯಾಂಕ್’ ಪದಕ್ಕೆ ಎರಡು ಹುಟ್ಟು ಇದೆ ಎನ್ನುತ್ತದೆ, ಒಂದು ಭಾರತದಲ್ಲಿ, ಒಂದು ಯುರೋಪಿನಲ್ಲಿ. ಅದು ಕೊಡುವ ಪುರಾವೆಗಳಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು 1498ರದ್ದು. ವಾಸ್ಕೋ ಡ ಗಾಮನ ಪ್ರಯಾಣದ ದಿನಚರಿ ಬರೆದವನು ಕಲ್ಲಿಕೋಟೆಯ ದೇವಸ್ಥಾನವೊಂದನ್ನು ಕ್ರೈಸ್ತರ ಇಗರ್ಜಿ ಎಂದು ತಿಳಿದು, ಗೋಡೆಯ ಮೇಲಿನ ನಾಲ್ಕೈದು ಕೈಗಳ ಚಿತ್ರಗಳನ್ನು ಸಂತರೆಂದು ಬಣ್ಣಿಸುತ್ತಾನೆ. ಅದರ ಬಳಿಯಿದ್ದ ಕಡೆದ ಕಲ್ಲಿನ ಪುಷ್ಕರಣಿಯನ್ನು ‘ತಾಂಕೆ’ ಎಂದು ಕರೆಯುತ್ತಾನೆ. ಬಂದಿಳಿದು ಇನ್ನೂ ಕೆಲವೇ ದಿನ, ಅದೂ ಮಲಯಾಳದ ನೆಲದಲ್ಲಿ. ಗುಜರಾತಿಯ ಪದ ಅಷ್ಟರಲ್ಲಿ ಅವನ ಬಾಯಿಗೆ ಬರುವಂತಿರಲಿಲ್ಲ. ‘ತಾಂಕೆ’ಯನ್ನು ಅವನು ಲಿಸ್ಬನ್ನಿನಿಂದಲೇ ತಂದಿದ್ದ.

ಹಾಗೆಂದು ಟಾಂಕು ಪೋರ್ಚುಗೀಸರ ಕೊಡುಗೆಯಾಗಿಬಿಡುವುದಿಲ್ಲ. ಅವರ ಪ್ರಭಾವ ಗಾಢವಾಗಿದ್ದದ್ದು ಗೋವಾ, ದಮನ್, ದೀವ್‌ಗಳಂಥ ತೀರಪ್ರದೇಶದಲ್ಲಿ. ಟಾಂಕಾ ಬೇರುಬಿಟ್ಟಿರುವುದು ತೀರದಿಂದ ನೂರಾರು ಮೈಲಿ ಒಳಗಿನ ಮಾರವಾಡದಲ್ಲಿ, ಪೋರ್ಚುಗೀಸ್ ವ್ಯಾಪಾರಿ ಯಾವ ಕೆಲಸಕ್ಕೂ ಹೋಗದ ಮರಳುಗಾಡಿನಲ್ಲಿ. ನೀರನ್ನು ಕೂಡಿಡುವುದೇ ಬದುಕಾದ ಜನ ತಮ್ಮ ತೊಟ್ಟಿಗೆ ಹೆಸರನ್ನು ಸಮುದ್ರದಾಚೆಯಿಂದ ಕಡ ತಂದರು ಎಂದು ಒಪ್ಪಲು ನನ್ನಿಂದಾಗದು. ಎರಡು ಬೇರೆ ಪದಗಳು, ಎರಡಕ್ಕೂ ಸದ್ದು ಹೆಚ್ಚುಕಡಿಮೆ ಒಂದೇ, ಎರಡೂ ನೀರಿನ ಮಾತೇ. ಇಂಗ್ಲಿಷ್ ವ್ಯಾಪಾರಿ ಒಂದನ್ನು ಸೂರತ್ತಿನ ಮನೆಗಳಲ್ಲಿ ಕೇಳಿದ, ಇನ್ನೊಂದನ್ನು ಆಗ ಕರಾವಳಿಯ ವ್ಯವಹಾರದ ಭಾಷೆಯಾಗಿದ್ದ ಪೋರ್ಚುಗೀಸಿನಲ್ಲಿ ಕೇಳಿದ. ಅವನ ಕಿವಿಯಲ್ಲಿ ಅವು ಒಂದಾದವು. ‘ತಡಾಗ’ದ ವಿಷಯಕ್ಕೆ ಬಂದರೆ, ಅದರ ಜೋಡಿ ರೂಪ ‘ತಟಾಕ’ ನಮ್ಮಲ್ಲೇ ಬಹಳ ಹಳೆಯದು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವನ್ನು ಓದಿದ ಎಂ.ಎಚ್. ಕೃಷ್ಣ ಅವರು ಅದರಲ್ಲಿ ತಟಾಕ ಕಟ್ಟಿಸಿದ ಮಾತನ್ನು ಗುರುತಿಸಿದರು. ಆದರೆ ತಟಾಕದಿಂದ ಟಾಂಕುವಿಗೆ ಬರಲು ನಡುವೆ ಅನುನಾಸಿಕವೊಂದು ಹುಟ್ಟಬೇಕು, ಅಕ್ಷರವೊಂದು ಅಳಿಯಬೇಕು. ಆ ದಾರಿಯನ್ನು ಹೋಲಿಕೆಯ ಬಲವೊಂದರಿಂದಲೇ ಒಪ್ಪುವುದು ಸರಿಯಲ್ಲ.

ಎರಡು ಮೂಲಗಳ ವಿಷಯವನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಪೋರ್ಚುಗೀಸ್ ಬೇರಿನ ಅರ್ಥ ‘ತಡೆದದ್ದು’. ಪಶ್ಚಿಮ ಭಾರತದ ಪದದ ಅರ್ಥ ‘ಅಗೆದದ್ದು, ಕೊರೆದದ್ದು’. ನಮ್ಮ ಕೆರೆ ತಡೆದದ್ದು: ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದ್ದು. ಕಲ್ಯಾಣಿ, ಕುಂಟೆ, ಹೊಂಡ ಅಗೆದಂಥವು. ಇವೆರಡು ಬೇರೆ ಬೇರೆ ವಿದ್ಯೆ, ಬೇರೆ ಬೇರೆ ಖರ್ಚು, ಬೇರೆ ಬೇರೆ ಒಡೆತನ. ಎರಡೂ ಬೇರುಗಳನ್ನು ನುಂಗಿದ್ದ ಇಂಗ್ಲಿಷ್ ಪದ ಎರಡನ್ನೂ ಒಂದೇ ಹೆಸರಿನಡಿ ಸೇರಿಸಿತು.

ಅದು ಹರಡಿದ ವೇಗವೂ ದೊಡ್ಡದು. ಕಲ್ಕತ್ತದ ಲಾಲ್ ದಿಘಿಯ ಸುತ್ತಲಿನ ಚೌಕ ಡಾಲ್‌ಹೌಸಿಯ ಹೆಸರು ಪಡೆಯುವ ಮುನ್ನ ‘ಟ್ಯಾಂಕ್ ಸ್ಕ್ವೇರ್’ ಆಗಿತ್ತು. ಹೈದರಾಬಾದಿನ ಹುಸೇನ್ ಸಾಗರದ ಏರಿ ಇವತ್ತಿಗೂ ‘ಟ್ಯಾಂಕ್ ಬಂಡ್’. ಮದರಾಸಿನ ಟಿ. ನಗರ ತಲೆಯೆತ್ತಿದ್ದು 1920ರ ದಶಕದಲ್ಲಿ, ‘ಲಾಂಗ್ ಟ್ಯಾಂಕ್’ ಎನ್ನುತ್ತಿದ್ದ ಕೆರೆಯ ಅಂಗಳದಲ್ಲಿ. ಶ್ರೀಲಂಕಾದ ಇಂಗ್ಲಿಷಿನಲ್ಲಿ ಸಿಂಹಳದ ‘ವೆವ’ಗಳೆಲ್ಲ ಟ್ಯಾಂಕುಗಳೇ. ಬೆಂಗಳೂರಿನಲ್ಲಿ ಗಂಧದ ಕೋಠಿಯ ಹತ್ತಿರವಿದ್ದುದರಿಂದ ಗಂಧದಕೋಟಿ ಕೆರೆ ಎನಿಸಿಕೊಂಡದ್ದು, 1882ರಲ್ಲಿ ಅದನ್ನು ಕಟ್ಟಿಸಿದ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಹೆಸರಿನಲ್ಲಿ ಸ್ಯಾಂಕಿ ಟ್ಯಾಂಕ್ ಆಗಿ ಉಳಿದಿದೆ.

ಸ್ಯಾಂಕಿಗೆ ಕೆರೆಯ ಬೆಲೆ ತಿಳಿದಿತ್ತು, ಅದನ್ನು ಹೇಳಲೇಬೇಕು. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ 1860ರ ದಶಕದಲ್ಲಿ ಅವನು ಬರೆದ ವರದಿಯ ಪ್ರಕಾರ ಸಂಸ್ಥಾನದ 27 ಸಾವಿರ ಚದರ ಮೈಲಿಗೂ ಮಿಕ್ಕಿದ ನೆಲದಲ್ಲಿ ಸುಮಾರು ಶೇ 60ರಷ್ಟು ಕೆರೆ ವ್ಯವಸ್ಥೆಯೊಳಗೆ ಬಂದಿತ್ತು. ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನವೇ ಬೇಕಾದೀತು ಎಂಬರ್ಥದ ಮಾತನ್ನೂ ಅವನು ಬರೆದ. ಅವನು ಮೆಚ್ಚಿದ್ದು ಬಿಡಿಬಿಡಿ ಕೆರೆಗಳನ್ನಲ್ಲ, ಮೇಲಿನ ಕೆರೆಯ ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುವ ಸರಣಿಯನ್ನು. ಆದರೆ ಅವನ ಹಿಂದೆ ಬಂದ ಕಡತಗಳಲ್ಲಿ ಉಳಿದದ್ದು ಟ್ಯಾಂಕುಗಳ ಎಣಿಕೆ.

ಹಳ್ಳಿಯವರ ಮಾತಿನಲ್ಲಿ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ. ಗೋಕಟ್ಟೆ ದನಕರುಗಳಿಗೆ. ಕಲ್ಯಾಣಿಯ ಮೆಟ್ಟಿಲು ದೇವರ ಉತ್ಸವಕ್ಕೂ ಊರವರ ಸ್ನಾನಕ್ಕೂ. ಮಲೆನಾಡಿನ ಅಂಚಿನಲ್ಲಿ ಮದಗ. ಚಿತ್ರದುರ್ಗದ ಕೋಟೆಯೊಳಗೆ ಅಕ್ಕ-ತಂಗಿಯರ ಹೊಂಡ, ಪೇಟೆಯಲ್ಲಿ ಸಂತೆಹೊಂಡ. ಇನ್ನು ಒಂದು ಕೆರೆಯಲ್ಲೇ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಇವೆ. ತೂಬನ್ನು ಎತ್ತಿ ಇಳಿಸಿ ಸರದಿಯಂತೆ ಗದ್ದೆಗೆ ನೀರು ಬಿಡುವ ನೀರುಗಂಟಿ ಇದ್ದ, ಅವನಿಗೆ ಸುಗ್ಗಿಯಲ್ಲಿ ಸಲ್ಲುವ ಪಾಲಿತ್ತು. ವಿಜಯನಗರದ ಅರಸುಕುಮಾರ ಭಾಸ್ಕರ 1369ರಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಾರದ 6 ದೋಷಗಳನ್ನೂ ಹೇಳುತ್ತದೆ. ಆ ಹನ್ನೆರಡರಲ್ಲಿ ಧರ್ಮಿಷ್ಠನಾದ ಅರಸನೂ ನೀರಿನ ಶಾಸ್ತ್ರ ಬಲ್ಲ ವಿದ್ವಾಂಸನೂ ಸೇರಿದ್ದಾರೆ. ‘ಟ್ಯಾಂಕ್’ ಎಂದಾಗ ಕಣ್ಣಿಗೆ ಬರುವುದು ನೀರು ತುಂಬಿದ ಒಂದು ಜಾಗ ಮಾತ್ರ. ಅದಕ್ಕೆ ನೀರು ತರುವ ಕಾಲುವೆ, ಅದರಿಂದ ನೀರು ಪಡೆಯುವ ಗದ್ದೆ, ಅದನ್ನು ನೋಡಿಕೊಳ್ಳುವ ಮನುಷ್ಯ, ಯಾರೂ ಆ ಪದದೊಳಗಿಲ್ಲ. ಹೀಗೆ ಗಮನದಿಂದ ಜಾರಿದ ರಾಜಕಾಲುವೆಯನ್ನು ಒತ್ತುವರಿ ಮಾಡುವುದು ಸುಲಭ ಎಂಬುದನ್ನು ಬೆಂಗಳೂರು ಪ್ರತಿ ಮಳೆಗಾಲದಲ್ಲಿ ಅನುಭವಿಸುತ್ತಿದೆ. ಇದಕ್ಕೆಲ್ಲ ಒಂದು ಪದವೇ ಕಾರಣ ಎಂದು ನಾನು ಹೇಳುವುದಿಲ್ಲ. ಭೂಮಿಯ ಬೆಲೆ, ಕಂದಾಯದ ನೀತಿ, ನೀರುಗಂಟಿಯ ಹಕ್ಕು ತಪ್ಪಿದ್ದು ಇವೆಲ್ಲ ದೊಡ್ಡ ಕಾರಣಗಳು. ಆದರೆ ಕೆರೆಯನ್ನು ಪಾತ್ರೆಯಂತೆ ನೋಡುವ ದೃಷ್ಟಿಗೆ ಆ ಪದ ಅನುಕೂಲವಾಗಿ ಒದಗಿತು.

ಪಾತ್ರೆಯ ಅರ್ಥ ಬಂದದ್ದೂ ಬಹಳ ತಡವಾಗಿಯೇನಲ್ಲ. 17ನೇ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ದ್ರವ ತುಂಬಿಡುವ ದೊಡ್ಡ ತೊಟ್ಟಿಗೂ ಟ್ಯಾಂಕ್ ಎನ್ನತೊಡಗಿದ್ದರು. ಗುಜರಾತಿನ ಮುಚ್ಚಿದ ಟಾಂಕುವಿನ ನೆನಪು ಇಲ್ಲಿ ಕೆಲಸ ಮಾಡಿದೆ ಎನಿಸುತ್ತದೆ, ಏಕೆಂದರೆ ತೆರೆದ ಕೆರೆಯಿಂದ ಮುಚ್ಚಿದ ಪೆಟ್ಟಿಗೆಗೆ ಅರ್ಥ ಹಾರುವುದು ಕಷ್ಟ, ನೆಲಮಾಳಿಗೆಯ ತೊಟ್ಟಿಯಿಂದ ಪೆಟ್ಟಿಗೆಗೆ ಹೋಗುವುದು ಸುಲಭ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಮರದ ಪೀಪಾಯಿಗಳ ಬದಲು ಕಬ್ಬಿಣದ ನೀರಿನ ಟ್ಯಾಂಕುಗಳು ಬಂದವು. ರೈಲಿನಲ್ಲಿ ತನ್ನ ಮೈಮೇಲೆಯೇ ನೀರು ಹೊತ್ತ ಎಂಜಿನ್ನು ಟ್ಯಾಂಕ್ ಎಂಜಿನ್ ಆಯಿತು. ಸೀಮೆಎಣ್ಣೆ, ಪೆಟ್ರೋಲು ಬಂದ ಮೇಲೆ ಪದ ನೀರಿನ ನಂಟನ್ನೂ ಕಳಚಿಕೊಂಡಿತು.

ಇಷ್ಟರವರೆಗಿನ ಬದಲಾವಣೆಗಳು ಬಳಕೆಯಲ್ಲಿ ತಾವಾಗಿ ಆದವು. ಮುಂದಿನದನ್ನು ಮಾತ್ರ ಕೆಲವರು ಕೂತು ಯೋಚಿಸಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಮುಳ್ಳುತಂತಿ ಮತ್ತು ಮೆಷಿನ್ ಗನ್‌ಗಳ ಎದುರು ಸೈನಿಕರು ರಾಶಿರಾಶಿಯಾಗಿ ಸಾಯುತ್ತಿದ್ದಾಗ, ಕಂದಕ ದಾಟಬಲ್ಲ ಉಕ್ಕಿನ ಬಂಡಿಗಾಗಿ ಚರ್ಚಿಲ್ ನೌಕಾ ಇಲಾಖೆಯಲ್ಲಿ 1915ರ ಫೆಬ್ರವರಿಯಲ್ಲಿ ಒಂದು ಸಮಿತಿ ನೇಮಿಸಿದ. ಅದರ ಹೆಸರಿನಲ್ಲೇ ‘ನೆಲದ ಹಡಗು’ ಇತ್ತು. ಲಿಂಕನ್ ಪಟ್ಟಣದ ವಿಲಿಯಂ ಫಾಸ್ಟರ್ ಕಾರ್ಖಾನೆಯಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಬಂಡಿಯನ್ನು ರೂಪಿಸಿದರು. ನೆಲದ ಹಡಗು ಎಂದರೆ ಗುಟ್ಟು ರಟ್ಟಾಗುತ್ತದೆ. ಆ ದೊಡ್ಡ ಉಕ್ಕಿನ ಪೆಟ್ಟಿಗೆಯನ್ನು ನೋಡಿದ ಕಾರ್ಮಿಕರಿಗೆ ಇದು ಮೆಸಪೊಟೇಮಿಯದ ಮರಳುಗಾಡಿಗೆ ಕಳಿಸುವ ನೀರಿನ ಗಾಡಿ ಎಂದು ನಂಬಿಸಲಾಗಿತ್ತು. ನಂಬುವಂಥ ಮಾತೇ ಅದು. ಅಲ್ಲಿ ಆಗ ಹೋರಾಡುತ್ತಿದ್ದ ಸೈನ್ಯದ ದೊಡ್ಡ ಪಾಲು ಭಾರತದ್ದು, ನೀರಿಲ್ಲದೆ ಬಳಲುತ್ತಿದ್ದವರು ನಮ್ಮವರೇ. 1915ರ ಡಿಸೆಂಬರಿನಲ್ಲಿ ಸೇನಾಧಿಕಾರಿ ಅರ್ನೆಸ್ಟ್ ಸ್ವಿಂಟನ್ ಮತ್ತು ಸಂಗಡಿಗರು ನೀರಿನ ಪಾತ್ರೆಗೆ ಸಂಬಂಧಿಸಿದ ಪದಗಳನ್ನು ತೂಗಿನೋಡಿ, ಚಿಕ್ಕದಾಗಿದೆ ಎಂದು ‘ಟ್ಯಾಂಕ್’ ಅನ್ನು ಆರಿಸಿದರು. ಹಡಗಿಗೆ ಏರಿಸುವಾಗ ಬಂಡಿಗಳ ಮೇಲೆ ರಷ್ಯನ್ ಲಿಪಿಯಲ್ಲಿ ‘ಪೆಟ್ರೋಗ್ರಾಡಿಗೆ, ಜೋಪಾನ’ ಎಂಬರ್ಥದ ಮಾತನ್ನೂ ಬರೆದಿದ್ದರು.

1916ರ ಸೆಪ್ಟೆಂಬರ್ 15ರಂದು ಸೋಮ್ ಕದನದ ಫ್ಲೆರ್ಸ್-ಕೂರ್ಸ್‌ಲೆಟ್ ಬಳಿ ಅವು ಮೊದಲ ಸಲ ರಣರಂಗಕ್ಕೆ ಇಳಿದವು. ಒಂದೊಂದೂ 28 ಟನ್ ತೂಕ, ಒಳಗೆ ಎಂಟು ಜನ, ಮನುಷ್ಯನ ನಡಿಗೆಯ ವೇಗ. ಹೊರಡಬೇಕಾಗಿದ್ದ 49ರಲ್ಲಿ ಎಷ್ಟೋ ಬಂಡಿಗಳು ದಾರಿಯಲ್ಲೇ ಕೆಟ್ಟು ನಿಂತವು. ಗುಟ್ಟಿನ ಅಗತ್ಯ ಅವತ್ತೇ ಮುಗಿಯಿತು, ಹೆಸರು ಮಾತ್ರ ಅಂಟಿಕೊಂಡಿತು. ಜರ್ಮನರು ಕವಚದ ಅರ್ಥದ ‘ಪಾಂಜರ್’ ಎಂದರು. ಫ್ರೆಂಚರಿಗೆ ಅದು ರಥ, ಜಪಾನೀಯರಿಗೆ ಯುದ್ಧದ ಬಂಡಿ. ರಷ್ಯನ್ನರು ಮಾತ್ರ ‘ಟ್ಯಾಂಕ್’ ಅನ್ನು ಹಾಗೇ ಇಟ್ಟುಕೊಂಡರು, ನಾವೂ ಇಟ್ಟುಕೊಂಡೆವು. ಒಂದು ಹಸಿ ಸುಳ್ಳು ನಿಘಂಟಿನಲ್ಲಿ ಶಾಶ್ವತ ಅರ್ಥವಾದ ಉದಾಹರಣೆಗಳು ಹೆಚ್ಚಿಲ್ಲ. ಬಾಯಾರಿದವರಿಗೆ ನೀರು ಕೊಡುವ ವಸ್ತುವಿನ ಹೆಸರು ಕೊಲ್ಲುವ ಯಂತ್ರಕ್ಕೆ ಹೋದದ್ದು ನನ್ನನ್ನು ಇಂದಿಗೂ ಕಲಕುತ್ತದೆ.

ಉಳಿದ ಅರ್ಥಗಳನ್ನು ಬೇಗ ಮುಗಿಸಬಹುದು. ಅಮೆರಿಕದಲ್ಲಿ ಈಜುಕೊಳಕ್ಕೂ ಟ್ಯಾಂಕ್ ಎನ್ನುವ ರೂಢಿಯಿತ್ತು. ಅಲ್ಲಿ ತೊಡುವ ಈಜುಡುಗೆಯಿಂದ ತೋಳಿಲ್ಲದ ಮೇಲಂಗಿಗೆ ಹೆಸರು ಬಂತು. ಹಣ ಪಡೆದು ಬೇಕೆಂದೇ ಸೋಲುವ ಮುಷ್ಟಿಮಲ್ಲ ‘ಟ್ಯಾಂಕಿಗೆ ಇಳಿದ’ ಎಂಬ ಮಾತು ಹುಟ್ಟಿದ್ದೂ ಕೊಳಕ್ಕೆ ಧುಮುಕುವ ಚಿತ್ರದಿಂದಲೇ ಇರಬೇಕು. ಅದು ಟೆನಿಸ್ ಅಂಗಳಕ್ಕೆ ಬಂದು, ಕೊನೆಗೆ ಶೇರುಪೇಟೆಯ ಕುಸಿತದವರೆಗೆ ನಡೆದಿದೆ. ‘ಥಿಂಕ್ ಟ್ಯಾಂಕ್’ ಮೊದಲು ತಲೆಗೆ ಹೇಳುತ್ತಿದ್ದ ಆಡುಮಾತು. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ರ‍್ಯಾಂಡ್‌ನಂಥ ಸಂಶೋಧನಾ ಸಂಸ್ಥೆಗಳಿಗೆ ಆ ಹೆಸರು ನಿಂತಿತು. ಇದಕ್ಕೆ ಕನ್ನಡ ಕಂಡುಕೊಂಡ ‘ಚಿಂತಕರ ಚಾವಡಿ’ ಮೂಲಕ್ಕಿಂತ ಸೊಗಸು. ಟ್ಯಾಂಕಿನಲ್ಲಿ ಮುಚ್ಚಿಟ್ಟ ಯೋಚನೆಯಿದೆ, ಚಾವಡಿಯಲ್ಲಿ ಎದುರುಬದುರು ಕೂತ ಜನರಿದ್ದಾರೆ.

ಕನ್ನಡ ಈ ಪದವನ್ನು ಹೇಗೆ ತೆಗೆದುಕೊಂಡಿತು ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಎರಡು ದಾರಿಗಳಿಂದ ಅದು ನಮ್ಮಲ್ಲಿಗೆ ಬಂದಿದೆ. ಬೆಳಗಾವಿ, ವಿಜಯಪುರದ ಕಡೆ ‘ನೀರಿನ ಟಾಕಿ’ ಎನ್ನುವವರು ಅದನ್ನು ಇಂಗ್ಲಿಷಿನಿಂದ ಪಡೆದವರಲ್ಲ, ಮರಾಠಿಯಿಂದ ಪಡೆದವರು. ದಕ್ಷಿಣದ ‘ಟ್ಯಾಂಕು’ ಇಂಗ್ಲಿಷಿನದು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಲ್ಲಿ ಜೋಡಿಸಿದ ಚಿಕ್ಕ ಟ್ಯಾಂಕಿಗೆ ‘ತೊಂಬೆ’ ಎಂಬ ಹಳೆಯ ಮಾತೂ ಜೀವಂತವಾಗಿದೆ. ಆದರೆ ಟಾಕಿ ಎನ್ನುವವರಾಗಲಿ ಟ್ಯಾಂಕು ಎನ್ನುವವರಾಗಲಿ ಕೆರೆಯನ್ನು ಆ ಹೆಸರಿನಿಂದ ಕರೆಯುವುದಿಲ್ಲ. ಇಂಗ್ಲಿಷಿನಲ್ಲಿ ಇಷ್ಟು ಕಾಲ ಅದೇ ಮೊದಲ ಅರ್ಥವಾಗಿದ್ದರೂ, ಕಡತಗಳ ತುಂಬ ಅದೇ ಇದ್ದರೂ, ಜನ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಪಾತ್ರೆಗೆ ಪಾತ್ರೆಯ ಹೆಸರು, ಕೆರೆಗೆ ಕೆರೆಯ ಹೆಸರು. ಸ್ಯಾಂಕಿ ಟ್ಯಾಂಕಿನಂಥವು ಅಂಕಿತನಾಮಗಳಾಗಿ ನುಸುಳಿದವು, ಅಷ್ಟೆ.

ಪದ ಹೊರಗೆ ಉಳಿದರೂ ಅದು ಹೇಳುತ್ತಿದ್ದ ದೃಷ್ಟಿ ಒಳಗೆ ಬಂತು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬೆಂಗಳೂರಿಗೆ ಹರಿದ ಮೇಲೆ ಊರೊಳಗಿನ ಕೆರೆಗಳು ಕುಡಿಯುವ ನೀರಿನ ಕೆಲಸದಿಂದ ಬಿಡುಗಡೆಯಾಗಿ ಬರೀ ಜಾಗಗಳಾದವು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನೀರು ತಾರಸಿಯ ಟ್ಯಾಂಕಿಗೂ ಅಂಗಳದ ಸಂಪಿಗೂ ಸರಿದು, ಅಲ್ಲೂ ಸಾಲದೆ ಟ್ಯಾಂಕರಿಗೆ ಹತ್ತಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ದರವನ್ನು ಬೆಂಗಳೂರು ಜಿಲ್ಲಾಡಳಿತವೇ ಗೊತ್ತುಮಾಡಬೇಕಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಪೈಪಿನಲ್ಲಿ ಹೋಗುತ್ತಿದೆ; ಒಟ್ಟು 126 ಕೆರೆಗಳಿಗೆ ದಿನಕ್ಕೆ 440 ದಶಲಕ್ಷ ಲೀಟರ್ ಎಂಬುದು ಯೋಜನೆಯ ಗುರಿಯಾಗಿತ್ತು. ಬತ್ತಿದ್ದ ಜಿಲ್ಲೆಗೆ ನೀರು ಬಂದದ್ದು ದೊಡ್ಡ ಸಂಗತಿ, ಕೊಳವೆಬಾವಿಗಳಿಗೆ ಮರುಜೀವ ಬಂತು ಎನ್ನುವ ರೈತರ ಮಾತನ್ನು ತಳ್ಳಿಹಾಕಲಾಗದು. ಆ ನೀರಿನ ಗುಣದ ಬಗ್ಗೆ ಎದ್ದ ಆತಂಕಗಳನ್ನೂ ತಳ್ಳಿಹಾಕಲಾಗದು. ಇಂಥ ಯೋಜನೆಗಳಿಗೆ ನಾವು ಕನ್ನಡದಲ್ಲಿ ಇಟ್ಟ ಹೆಸರು ‘ಕೆರೆ ತುಂಬಿಸುವ ಯೋಜನೆ’. ಹಿಂದೆ ಕೆರೆ ತುಂಬುತ್ತಿತ್ತು, ಈಗ ನಾವು ತುಂಬಿಸುತ್ತೇವೆ. ಜಲಾನಯನದ ಹಳ್ಳಗಳನ್ನೂ ರಾಜಕಾಲುವೆಗಳನ್ನೂ ಬಿಡಿಸಿ ಹೂಳೆತ್ತದಿದ್ದರೆ ಈ ಎರಡನೆಯ ಕ್ರಿಯಾಪದವೇ ಉಳಿಯುತ್ತದೆ. ಆಗ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿರುವ ಪದ ನಮ್ಮ ಕೆರೆಗಳಿಗೆ ನಿಜವಾಗಿಯೂ ಒಪ್ಪತೊಡಗುತ್ತದೆ.